ಊಟ ಆತೇನ್ರಿ: ಹುಮನಾಬಾದಿನಲ್ಲಿ ಕಲಿಸಿದ ಕ್ರೊಯೇಷಿಯನ್ ವ್ಯಾಕರಣ

ಕ್ರೊಯೇಷಿಯಾ ದೇಶದ ಭಾಷೆಯನ್ನು ಹುಮನಾಬಾದಿನಲ್ಲಿ ಕಲಿಸುವುದು ಒಂದು ಕಸುಬಾದೀತು ಎಂದು ನಾನು ಮಾಸ್ತರಿಕೆಗೆ ಸೇರಿದ ಕಾಲದಲ್ಲಿ ಯಾರಾದರೂ ಹೇಳಿದ್ದರೆ, ಜ್ವರ ಬಂದಿದೆಯೇನೋ ಎಂದು ಅವರ ಹಣೆ ಮುಟ್ಟಿ ನೋಡುತ್ತಿದ್ದೆ. ಈಗ ಬಸ್ ಸ್ಟ್ಯಾಂಡಿನ ಆಚೀಚೆ ಅದಕ್ಕೆ ಬೋರ್ಡುಗಳಿವೆ. ಡಿಗ್ರಿ ಮುಗಿಸಿದ ಹುಡುಗಿಯರು ನನ್ನ ಮನೆಗೆ ಬಂದು, "ಮೇಡಂ, ನಿಮ್ಮ ನೋಟ್ಸ್ ಕೊಡ್ರಿ, ನಾವೂ ಕ್ಲಾಸ್ ಹಿಡಿತೀವಿ" ಎನ್ನುತ್ತಾರೆ. ಒಯ್ಯಲಿ, ನನಗಿನ್ನು ಅದರಿಂದ ಆಗಬೇಕಾದ್ದೇನೂ ಇಲ್ಲ. ಆದರೆ ನೋಟ್ಸ್ ಕೈಗೆ ಬಂದ ಮೇಲೆ ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತೂ ಕೂರುವುದಿಲ್ಲ. ಕೂತಿದ್ದರೆ ಕೊಹಿನೂರದ ಪ್ರಲ್ಹಾದನ ಕಾಲಿನ ವಿಷಯ ಹೇಳುತ್ತಿದ್ದೆ. ಆ ಕಾಲನ್ನು ಉಳಿಸಿಕೊಳ್ಳಲು ನಡೆದ ಒದ್ದಾಟದಲ್ಲಿ ಈ ಕೆಲಸದ ಬಗ್ಗೆ ನನಗೆ ತಿಳಿದಿರುವುದೆಲ್ಲ ಇದೆ. ಕೇಳಲು ಯಾರೂ ಕೂರದ್ದರಿಂದ ಬರೆಯುತ್ತಿದ್ದೇನೆ.

ನಾನು ಬಸವಕಲ್ಯಾಣದ ಒಂದು ಹೈಸ್ಕೂಲಿನಲ್ಲಿ ಹಿಂದಿ ಟೀಚರ್ ಆಗಿದ್ದೆ. ಸಂಸ್ಕೃತದ ಮಾಸ್ತರರು ನಿವೃತ್ತರಾದಾಗ ಆ ಪಿರಿಯಡ್ಡುಗಳನ್ನೂ ನನ್ನ ತಲೆಗೇ ಕಟ್ಟಿದರು. ಮರಾಠಿ ನಮ್ಮ ಓಣಿಯ ಭಾಷೆ, ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ನಿವೃತ್ತಿಯಾಗಿ ಮನೆಯಲ್ಲಿ ಕೂತು ಎಲ್ಲರ ಮೇಲೂ ಸಿಡಿಮಿಡಿ ಎನ್ನುತ್ತಿದ್ದ ಕಾಲದಲ್ಲಿ ಹುಮನಾಬಾದಿನ ಒಬ್ಬ ಏಜೆಂಟ್ ಹುಡುಕಿಕೊಂಡು ಬಂದ. ಕಟ್ಟಡದ ಕೆಲಸಕ್ಕೆ, ಹೋಟೆಲಿನ ಪಾತ್ರೆ ಕೆಲಸಕ್ಕೆ ಕ್ರೊಯೇಷಿಯಾಕ್ಕೆ ಆಳು ಕಳಿಸುವವನು.

"ಮೇಡಂ, ನಿಮಗ ಇಷ್ಟು ಭಾಷಾ ಬರ್ತಾವ. ಇನ್ನೊಂದು ಕಲಿಯೋದು ನಿಮಗ ಯಾವ ಮಹಾ" ಎಂದ.

ಹೊಗಳಿಕೆ ಯಾರಿಗೆ ಬೇಡ? ಒಪ್ಪಿಕೊಂಡೆ. ಒಂದು ಹಳೆಯ ಪುಸ್ತಕ, ಫೋನಿನಲ್ಲಿ ಸಿಗುವ ಪಾಠಗಳು, ಇವಿಷ್ಟೇ ನನ್ನ ಗುರುಗಳು. ಇವತ್ತಿಗೂ ಆ ಭಾಷೆ ನನಗೆ ಪೂರ್ತಿ ಬರುವುದಿಲ್ಲ. ಬರುತ್ತದೆ ಎಂದು ಹೇಳಿಕೊಳ್ಳುವ ಕ್ಲಾಸುಗಳವರಿಗೂ ಬರುವುದಿಲ್ಲ, ಅದು ಬೇರೆ ಮಾತು.

ಮೊದಮೊದಲು ನಾನು ಕಲಿಸಿದ ರೀತಿ ನೆನೆದರೆ ನಗುವೂ ಬರುತ್ತದೆ, ನಾಚಿಕೆಯೂ ಆಗುತ್ತದೆ. ಆ ಭಾಷೆಯಲ್ಲಿ ವಿಭಕ್ತಿಗಳಿವೆ ಎಂದು ತಿಳಿದದ್ದೇ ನನಗೆ ಊರಿನವರು ಸಿಕ್ಕಷ್ಟು ಸಂತೋಷವಾಯಿತು. ನೀರಿಗೆ ಅವರು 'ವೊದಾ' ಎನ್ನುತ್ತಾರೆ. ಸಂಸ್ಕೃತದ ಉದಕದ ದೂರದ ನೆಂಟ. ನೀರು ಕುಡಿಯುತ್ತೇನೆ ಎನ್ನುವಾಗ ಅದು 'ವೊದು' ಆಗುತ್ತದೆ, ನೀರಿಲ್ಲ ಎನ್ನುವಾಗ 'ವೊದೆ', ನೀರಿನಿಂದ ಎನ್ನುವಾಗ 'ವೊದೊಮ್'. ನಾನು ಬೋರ್ಡಿನ ಮೇಲೆ ಪಟ್ಟಿ ಬರೆದು ಬಾಯಿಪಾಠ ಮಾಡಿಸಿದೆ. ವೊದಾ, ವೊದೆ, ವೊದಿ, ವೊದು, ವೊದೊ, ವೊದಿ, ವೊದೊಮ್. ಕಬ್ಬು ಕಡಿದು, ಇಟ್ಟಿಗೆ ಹೊತ್ತು ಬಂದ ಗಂಡಸರು, ಇಬ್ಬರು ಮೂವರು ಹೆಂಗಸರು, ಒಂದೇ ದನಿಯಲ್ಲಿ ಕೂಗುತ್ತಿದ್ದರು. ಕ್ಲಾಸು ಮಹಡಿಯ ಮೇಲಿತ್ತು, ಕೆಳಗೆ ರಸ್ತೆಗೆ ಕೇಳಿಸುತ್ತಿತ್ತು. ಏಜೆಂಟನಿಗೆ ಬಹಳ ಹಿಡಿಸಿತು. ಆ ಗದ್ದಲವೇ ಅವನಿಗೆ ಜಾಹೀರಾತು.

ಇಂಟರ್‌ವ್ಯೂ ಬಂತು. ಫೋನಿನ ಪರದೆಯ ಮೇಲೆ ಅಲ್ಲಿಯ ಕಂಪನಿಯವನು ಕೂತಿದ್ದ. ಹಳ್ಳಿಖೇಡದ ಅಶೋಕ, ಮೊದಲು ಕಬ್ಬಿನ ಲಾರಿ ತುಂಬುತ್ತಿದ್ದವನು, ಎದುರಿಗೆ ಕೂತ. ಕುಡಿಯಲು ಏನು ಇಷ್ಟ ಎಂದು ಕಂಪನಿಯವನು ಸುಮ್ಮನೆ ಮಾತಿಗೆ ಕೇಳಿದ. ಅಶೋಕ ಎದ್ದು ನಿಂತು, ಕೈ ಕಟ್ಟಿ, ನೀರಿನ ಏಳೂ ವಿಭಕ್ತಿಗಳನ್ನು ಒಂದೇ ಉಸಿರಿಗೆ ಒಪ್ಪಿಸಿದ. ಕಂಪನಿಯವನು ನಕ್ಕು ನಕ್ಕು ಕಣ್ಣು ಒರೆಸಿಕೊಂಡು ಅವನನ್ನೇ ಆರಿಸಿಕೊಂಡ. ಉಳಿದವರು ನಪಾಸು.

"ಎದ್ದು ನಿಂತದ್ದಕ್ಕ ಪಾಸ್ ಮಾಡ್ಯಾರ್ರಿ ಮೇಡಂ, ವಿಭಕ್ತಿಗಲ್ಲ" ಎಂದು ಏಜೆಂಟ್ ನನ್ನನ್ನು ಚುಚ್ಚಿದ.

ಸಿಟ್ಟು ಬಂತು. ಆದರೆ ಅವನು ಹೇಳಿದ್ದು ಸುಳ್ಳಲ್ಲ. ಮರುದಿನ ಬಸ್ಸಿಳಿದು ಮೇಲೆ ಹೋದರೆ ಕರೆಂಟಿಲ್ಲ, ಎಲ್ಲರೂ ಬೆವರುತ್ತ ಕೂತಿದ್ದಾರೆ. ನನ್ನನ್ನು ನೋಡಿದ್ದೇ, "ಊಟ ಆತೇನ್ರಿ ಮೇಡಂ?" ಎಂದರು. ನಾನೂ ಬೋರ್ಡಿನ ಕಡೆ ತಿರುಗುತ್ತ, "ಆತಪಾ, ನಿಮ್ಮದು?" ಎಂದೆ. ಚಾಕ್‌ಪೀಸ್ ಹಿಡಿದ ಕೈ ಅಲ್ಲೇ ನಿಂತಿತು. ಬೆಳಗಿನಿಂದ ಸಂಜೆತನಕ ನಾವು ಹೇಳುವುದು ಇದೊಂದೇ ವಾಕ್ಯ. ಇದನ್ನು ಬಿಟ್ಟು ನಾನು ನೀರಿನ ಹಿಂದೆ ಬಿದ್ದಿದ್ದೆನಲ್ಲ ಎಂದು ಬೇಜಾರಾಯಿತು.

ಅವತ್ತಿನಿಂದ ಪಟ್ಟಿ ಹೋಯಿತು, ಊಟ ಬಂತು. ಗಂಡಸಿಗೆ ಊಟ ಆಯಿತೇ ಎಂದು ಕೇಳಲು 'ಯೆಸಿ ಲಿ ಯೆಯೊ' ಎನ್ನಬೇಕು. ಹೆಂಗಸಿಗಾದರೆ 'ಯೆಸಿ ಲಿ ಯೆಲಾ'. ಹಿರಿಯರಿಗೆ, ಗುರುತಿಲ್ಲದವರಿಗೆ, ಮಾಲೀಕನಿಗೆ 'ಯೆಸ್ತೆ ಲಿ ಯೆಲಿ'. ಗಂಡಿಗೊಂದು ಹೆಣ್ಣಿಗೊಂದು ಕ್ರಿಯಾಪದ ಯಾಕೆ ಎಂದು ಬೇರೆ ಊರಿನವರು ತಲೆ ಕೆರೆದುಕೊಳ್ಳಬಹುದು. ನಮ್ಮವರು ಕೆರೆದುಕೊಳ್ಳಲಿಲ್ಲ. ಮರಾಠಿಯಲ್ಲಿ ಗಂಡಸಿಗೆ 'ಜೇವಲಾಸ್ ಕಾ', ಹೆಂಗಸಿಗೆ 'ಜೇವಲೀಸ್ ಕಾ' ಎಂದು ದಿನವೂ ಕೇಳುವ ಬಾಯಿಗಳು ಅವು. "ಇದು ನಮ್ಮ ಮರಾಠಿನೇ ಅದ ಬಿಡ್ರಿ" ಎಂದರು. ನಡುವಿನ 'ಲಿ' ನಮ್ಮ 'ಏನು' ಮಾಡುವ ಕೆಲಸ ಮಾಡುತ್ತದೆ, ಮಾತನ್ನು ಪ್ರಶ್ನೆ ಮಾಡುತ್ತದೆ. 'ತೆ' ಎಂಬುದು ನಮ್ಮ 'ರಿ'. ಕೇಳು ಎಂಬುದಕ್ಕೆ 'ಪಿತಾಯ್', ಕೇಳ್ರಿ ಎಂಬುದಕ್ಕೆ 'ಪಿತಾಯ್ತೆ'. ಇಷ್ಟು ಹಿಡಿದುಕೊಂಡರೆ ಮುಂದಿನ ಅರ್ಧ ವ್ಯಾಕರಣ ತಾನಾಗಿ ಹಿಂದೆ ಬರುತ್ತದೆ. ಹೊಸದಾಗಿ ಕಲಿಸಲು ಹೊರಟವರು ಇದನ್ನು ನನ್ನಿಂದ ಧಾರಾಳವಾಗಿ ಕದಿಯಬಹುದು.

ಉತ್ತರ ಕಲಿಸುವಾಗ ಒಂದು ತೊಡಕು ಬಂತು. ಆಗಿದೆ ಎನ್ನಲು 'ಯೆಸಮ್', ಆಗಿಲ್ಲ ಎನ್ನಲು 'ನಿಸಮ್'. ಜೋಡಿ ಜೋಡಿಯಾಗಿ ನಿಲ್ಲಿಸಿ ಕೇಳಿಸಿದರೆ ಎಲ್ಲರೂ 'ಯೆಸಮ್' ಎನ್ನುವವರೇ. 'ನಿಸಮ್' ಎಂದು ಒಬ್ಬರ ಬಾಯಲ್ಲೂ ಬರಲಿಲ್ಲ. ಆ ಬ್ಯಾಚಿನಲ್ಲಿ ಪ್ರಲ್ಹಾದನಿದ್ದ. ಕೊಹಿನೂರದವನು, ಸ್ವಲ್ಪ ಹೊಲ, ನಾಲ್ಕು ಆಡು, ಉಳಿದ ದಿನ ಗೌಂಡಿ ಕೆಲಸ. ಮೆತ್ತಗಿನ ಮನುಷ್ಯ. ಅವನನ್ನು ಎಬ್ಬಿಸಿ ನಿಲ್ಲಿಸಿದೆ.

"ಊಟ ಆಗಿಲ್ಲ ಅನ್ನಪಾ. ನಿಸಮ್ ಅನ್ನು."

"ಅದು ಹ್ಯಾಂಗ ಅನ್ನೋದ್ರಿ ಮೇಡಂ? ಉಣ್ಣಾಕ ಹಾಕ್ರಿ ಅಂದಂಗ ಆಗ್ತದ."

"ಹಸಿವಿ ಆಗಿದ್ರ?"

"ಆಗಿದ್ರೂ ಮೊದಲ ಆಗ್ಯದ ಅನ್ನೋದ್ರಿ. ಅವರು ಮತ್ತ ಕೇಳ್ತಾರ. ಆಗೂ ಬ್ಯಾಡ ಅನ್ನೋದು. ಮೂರನೇ ಸಲಕ್ಕ ಕುಂಡ್ರೋದು. ಒಮ್ಮಿಗೇ ಕುಂತ್ರ ಮಂದಿ ಏನಂತಾರ?"

ಕ್ಲಾಸೆಲ್ಲ ತಲೆಯಾಡಿಸಿತು. ನಾನೂ ಇದೇ ನೆಲದವಳು. ಅತ್ತೆಯ ಮನೆಯಲ್ಲಿ ಎಷ್ಟು ಸಲ ಆಗ್ಯದ ಎಂದು ಹೇಳಿ ಮೂರನೇ ಸಲ ಯಾರೂ ಕೇಳದೆ ಹಾಗೇ ಮಲಗಿದ್ದೇನೋ ನನಗೇ ಗೊತ್ತು. ಬೈದು ಬೈದು ಅವನ ಬಾಯಲ್ಲಿ 'ನಿಸಮ್' ಹೊರಡಿಸಿದೆ. ಹೇಳಿದ, ಆದರೆ ನೆಲ ನೋಡಿಕೊಂಡು ಹೇಳಿದ.

ಅಶೋಕ ಅಲ್ಲಿಗೆ ಹೋದ ಮೇಲೆ ಫೋನಿನಲ್ಲಿ ದನಿ ಕಳಿಸುತ್ತಿದ್ದ. ದಿನಾ ಬೆಳಿಗ್ಗೆ ಮೇಸ್ತ್ರಿಗೆ ನಮಸ್ಕಾರದ ಬದಲು ಊಟ ಆಯಿತೇ ಎಂದು ಕೇಳುತ್ತಿದ್ದನಂತೆ. ಇವನಿಗೆ ಹಸಿವಾಗಿದೆ ಎಂದು ತಿಳಿದ ಮೇಸ್ತ್ರಿ ಒಂದು ದಿನ ಬ್ರೆಡ್ಡು ತಂದು ಮುಂದೆ ಹಿಡಿದ. ಇವನು ಬೇಡ ಎಂದ. ಮೇಸ್ತ್ರಿ ತಾನೇ ತಿಂದ. "ಒಮ್ಮೆ ಬ್ಯಾಡ ಅಂದೇರಿ ಮೇಡಂ, ಮತ್ತ ಕೇಳಲೇ ಇಲ್ಲ. ಭಾಳ ಕಟುಕ ಮಂದಿ ಅದಾರ." ಆ ದನಿಯನ್ನು ಕ್ಲಾಸಿಗೆ ಕೇಳಿಸಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪ್ರಲ್ಹಾದ ಒಬ್ಬನೇ ನಗಲಿಲ್ಲ. "ಖರೇನಾ ಮತ್ತ ಕೇಳಲ್ಲೇನ್ರಿ?" ಎಂದ. ಕೇಳುವುದಿಲ್ಲ, ಅವರು ಒಮ್ಮೆ ಕೇಳುತ್ತಾರೆ, ಹೇಳಿದ್ದನ್ನು ನಂಬುತ್ತಾರೆ ಎಂದು ಬಿಡಿಸಿ ಹೇಳಿದೆ.

ಇದನ್ನೇ ಒಂದು ವಾರ ಕಲಿಸುತ್ತೇನೆ ಎಂದು ಏಜೆಂಟನಿಗೆ ಹೇಳಿದರೆ ಅವನು ಕೈ ಝಾಡಿಸಿದ. "ಖಾಲಿಪೀಲಿ ಟೈಮ್ ಹಾಳು. ಇಂಟರ್‌ವ್ಯೂದಾಗ ಅದು ಬರಲ್ಲ. ಕಂಪನಿಯವರಿಗೆ ಏನು ಬೇಕು ಅದು ಕಲಸ್ರಿ." ಕಂಪನಿಯವರಿಗೆ ಬೇಕಾದದ್ದು 'ನೇಮಾ ಪ್ರೊಬ್ಲೇಮಾ'. ತೊಂದರೆ ಏನಿಲ್ಲ ಎಂದು ಅರ್ಥ. ವ್ಯಾಕರಣದ ಲೆಕ್ಕದಲ್ಲಿ ಅದು ಚೆಂದದ ವಾಕ್ಯ. ಇಲ್ಲ ಎನ್ನುವ ಕಡೆಯೆಲ್ಲ ಅವರು ಷಷ್ಠಿ ವಿಭಕ್ತಿ ಹಾಕುತ್ತಾರೆ, ತೊಂದರೆಯ ಇಲ್ಲ ಎಂದಂತೆ. ನಾನು ಅದನ್ನು ವಿವರಿಸುವುದರೊಳಗೆ ಏಜೆಂಟ್ ತಾನೇ ಬೋರ್ಡಿನ ಮುಂದೆ ನಿಂತು ಇಡೀ ಬ್ಯಾಚಿನಿಂದ ಕೂಗಿಸಿದ. ಭಾರ ಎತ್ತುತ್ತೀಯಾ? ನೇಮಾ ಪ್ರೊಬ್ಲೇಮಾ. ಚಳಿ ತಡೆಯುತ್ತೀಯಾ? ನೇಮಾ ಪ್ರೊಬ್ಲೇಮಾ. ಅದನ್ನು ನಮ್ಮವರು ಅರ್ಧ ದಿನದಲ್ಲಿ ಕಲಿತರು. ಅದು ಅವರಿಗೆ ಮೊದಲೇ ಬರುತ್ತಿತ್ತು, ಭಾಷೆ ಮಾತ್ರ ಬದಲು.

ಪ್ರಲ್ಹಾದ ಪಾಸಾಗಿ ಹೋದ. ಅಶೋಕನಿದ್ದ ಜಾಗಕ್ಕೇ ಹೋದದ್ದು ನನಗೆ ಸಮಾಧಾನ ತಂದಿತ್ತು.

ಮುಂದಿನ ಚಳಿಗಾಲದಲ್ಲಿ ಅಶೋಕನ ಫೋನು ಬಂತು. ಕೆಲಸದ ಜಾಗದಲ್ಲಿ ಕಬ್ಬಿಣದ ಸರಳುಗಳ ಕಟ್ಟು ಜಾರಿ ಪ್ರಲ್ಹಾದನ ಕಾಲ ಮೇಲೆ ಬಿದ್ದಿದೆ. ಮೇಸ್ತ್ರಿ ಓಡಿಬಂದು ನೋಯುತ್ತಿದೆಯೇ ಎಂದು ಕೇಳಿದ್ದಾನೆ. 'ಬೊಲಿ' ಎಂದರೆ ಅಲ್ಲಿ ನೋವಾಗುತ್ತಿದೆ ಎಂದು. ಪ್ರಲ್ಹಾದ, ನೇಮಾ ಪ್ರೊಬ್ಲೇಮಾ ಎಂದು ಎದ್ದು ನಿಂತಿದ್ದಾನೆ. ಮರುದಿನವೂ ಕೆಲಸಕ್ಕೆ ಹೋಗಿದ್ದಾನೆ. ಬೂಟು ಬಿಚ್ಚಲು ಬಾರದಷ್ಟು ಕಾಲು ಊದಿಕೊಂಡ ಮೇಲೆ ಅಶೋಕ ಅವನನ್ನು ದವಾಖಾನೆಗೆ ಹೊತ್ತೊಯ್ದಿದ್ದಾನೆ. ಒಂದು ಆಪರೇಷನ್ ಆಗಿದೆ. ಕಾಲು ಉಳಿಯುತ್ತದೆಯೋ ಇಲ್ಲವೋ ಎಂದು ಡಾಕ್ಟರರು ಕಾಯುತ್ತಿದ್ದಾರೆ. ನೋವು ಏರಿದರೆ ತಕ್ಷಣ ಹೇಳಬೇಕು, ಮತ್ತೆ ಕೊಯ್ದು ಒಳಗೆ ಕೊಳೆತದ್ದನ್ನು ತೆಗೆಯಬೇಕಾಗುತ್ತದೆ ಎಂದು ತಿಳಿಸಿ ಹೇಳಿದ್ದಾರೆ.

"ಕೇಳಿದಾಗೆಲ್ಲಾ ಚಲೋ ಅದ ಅಂತಾನ್ರಿ ಮೇಡಂ. ವಾಪಸ್ ಕಳಸ್ತಾರ ಅಂತ ಅವಗ ಅಂಜಿಕಿ. ರಾತ್ರಿ ನಿದ್ದಿ ಇಲ್ಲ ಅವಗ, ಆದ್ರ ಕಾಲು ಒತ್ತಿದ್ರೂ ಮಾರಿ ಹಿಂಡಲ್ಲ. ನಾ ಬೈದೆ, ನಕ್ಕ. ನನಗ ದಿನಾ ಹೋಗಾಕ ಆಗಲ್ಲ, ದವಾಖಾನಿ ದೂರ ಅದ."

ನಾನು ಆ ವಾರ್ಡಿನ ನಂಬರ್ ತೆಗೆದುಕೊಂಡು ಫೋನ್ ಮಾಡಿದೆ. ಜೀವನದಲ್ಲಿ ಮೊದಲ ಸಲ ಆ ದೇಶದ ಹೆಣ್ಣೊಬ್ಬಳ ಜೊತೆ ಆ ಭಾಷೆ ಆಡಿದ್ದು ಆಗಲೇ. ನರ್ಸ್ ಕೇಳಿದ್ದು ಒಂದೇ ಪ್ರಶ್ನೆ, ನೀವು ಅವರ ಮನೆಯವರೇ? ನಾನು ಟೀಚರ್ ಎಂದೆ. ಮನೆಯವರ ಹೊರತು ಯಾರ ಜೊತೆಗೂ ಮಾತಾಡುವಂತಿಲ್ಲ ಎಂದು ಇಟ್ಟುಬಿಟ್ಟಳು. ಮನೆಯವಳು ಎಂದು ಸುಳ್ಳು ಹೇಳಲು ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಮತ್ತೆ ಮಾಡಿದರೆ ನನ್ನ ದನಿ ಗುರುತು ಹಿಡಿಯುತ್ತಿದ್ದಳು.

ಅವನ ಹೆಂಡತಿ ಮಹಾನಂದಾಳನ್ನು ಹುಮನಾಬಾದಿನ ಕ್ಲಾಸಿಗೆ ಬರಲು ಹೇಳಿದೆ. ಏಜೆಂಟ್ ಬಾಗಿಲಲ್ಲೇ ಅಡ್ಡ ನಿಂತ. "ಇಲ್ಲಿ ಬ್ಯಾಡ್ರಿ ಮೇಡಂ. ಹೊಸ ಬ್ಯಾಚ್ ಕುಂತದ, ಅವರು ಅಂಜ್ತಾರ." ನಾನು ಅವನಿಗೆ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಮಹಾನಂದಾಳನ್ನು ಕರೆದುಕೊಂಡು ಬಸವಕಲ್ಯಾಣದ ನನ್ನ ಮನೆಗೆ ಬಂದೆ.

ಅವಳು ನೀರು ಕೂಡ ಕುಡಿಯಲಿಲ್ಲ. "ನನ್ನ ಸಂಗಟನೂ ಆರಾಮ ಇದ್ದೀನಿ ಅಂತಾರ್ರಿ. ಆ ದನಿ ನನಗ ಗೊತ್ತದ. ಅದು ಆರಾಮ ಇರೋ ದನಿ ಅಲ್ಲ" ಎಂದಳು. ಫೋನಿನೊಳಗೆ ಮಾತು ಬದಲಿಸಿ ಹೇಳುವ ಆ್ಯಪ್ ಹಾಕಿಕೊಂಡು ವಾರ್ಡಿಗೂ ಫೋನ್ ಹಚ್ಚಿದ್ದಳಂತೆ. ಯಂತ್ರದ ದನಿ ಕೇಳಿದ್ದೇ ನರ್ಸ್ ಕಟ್ ಮಾಡಿದ್ದಳು.

"ಏನು ಹೇಳಬೇಕು ಅಂತೀಯವ್ವಾ?" ಎಂದೆ.

"ಮತ್ತ ಕೇಳ್ರಿ ಅನ್ನಬೇಕ್ರಿ. ಮನ್ಯಾಗೂ ಹಂಗೇ. ಒಮ್ಮೆ ಕೇಳಿದ್ರ ಎಂದೂ ಖರೆ ಹೇಳಿಲ್ಲ ಅವರು."

ಆ ಮಧ್ಯಾಹ್ನ ನಾನು ಕಲಿಸಿದ ಪಾಠ ಇಷ್ಟೇ. 'ಯಾ ಸಮ್ ನ್ಯೆಗೊವಾ ಝೆನಾ', ನಾನು ಅವನ ಹೆಂಡತಿ. 'ಮೊಲಿಮ್ ವಾಸ್, ಪಿತಾಯ್ತೆ ಗಾ ಒಪೆತ್', ದಯಮಾಡಿ ಅವನನ್ನು ಮತ್ತೆ ಕೇಳ್ರಿ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅವಳು ಒಂದೊಂದೇ ಶಬ್ದ ಹಿಡಿದಳು. 'ಒಪೆತ್' ಎಂದರೆ ಮತ್ತೆ, ಪಿತಾಯ್ತೆಯಲ್ಲಿ 'ರಿ' ಇದೆ ಎಂದಾಗ ತಲೆಯಾಡಿಸಿದಳು. 'ಗಾ' ಎಂದರೇನು ಎಂದಳು. ಅವನನ್ನು ಎಂದು ಹೇಳಿದೆ.

"ಅವನನ್ನ ಅನ್ನಬೇಕೇನ್ರಿ? ಅವರನ್ನ ಅನ್ನೋದು ಇಲ್ಲೇನು?"

ಇಲ್ಲ, ಎದುರಿಗೆ ಇಲ್ಲದವರಿಗೆ ಆ ಭಾಷೆಯಲ್ಲಿ 'ರಿ' ಇಲ್ಲ ಎಂದೆ. ಮದುವೆಯಾದಾಗಿನಿಂದ ಗಂಡನನ್ನು ಏಕವಚನದಲ್ಲಿ ಕರೆಯದ ಬಾಯಿ. ಸೆರಗನ್ನು ತುಟಿಗೆ ಒತ್ತಿಕೊಂಡಳು. ಆಮೇಲೆ, "ಆಗಲಿ, ಕಾಲು ಉಳೀಲಿ" ಎಂದು 'ಗಾ' ಎಂದಳು. ನನಗೆ ಅಳು ಬಂತು, ಒಳಗೆ ಹೋಗಿ ಒಲೆಯ ಮೇಲೆ ಚಹಾಕ್ಕೆ ಇಟ್ಟೆ.

ಸ್ಪೀಕರ್ ಹಾಕಿ ಫೋನ್ ಹಚ್ಚಿದೆವು. ನರ್ಸ್ ಎತ್ತಿದಳು. ಮಹಾನಂದಾ ಹೇಳಿದಳು, ಒಂದೂ ತಪ್ಪಿಲ್ಲದೆ. ಆ ಕಡೆಯಿಂದ ನರ್ಸ್ ಏನೋ ಅಂದಳು. ಬೆಳಿಗ್ಗೆ ಕೇಳಿದ್ದೇನೆ, ಚೆನ್ನಾಗಿದ್ದೇನೆ ಎನ್ನುತ್ತಾನೆ ಎಂದು ನನಗೆ ಅರ್ಥವಾಯಿತು. ನಾನು ಮಹಾನಂದಾಳಿಗೆ ಹೇಳುವ ಮೊದಲೇ ಅವಳು ಮತ್ತೆ "ಒಪೆತ್" ಎಂದಳು. ನರ್ಸ್ ಫೋನ್ ಹಿಡಿದುಕೊಂಡೇ ನಡೆದದ್ದು ಕೇಳಿಸಿತು. ದೂರದಲ್ಲಿ ಅವಳ ದನಿ, ಬೊಲಿ? ಪ್ರಲ್ಹಾದನ ದನಿ, ಇಲ್ಲ. "ಒಪೆತ್" ಎಂದಳು ಮಹಾನಂದಾ. ನರ್ಸ್ ಮತ್ತೆ ಕೇಳಿದಳು. ಮತ್ತೆ ಇಲ್ಲ. "ಒಪೆತ್, ನಮ್ಮವ್ವಾ, ಒಪೆತ್" ಎಂದಳು. ಅದರಲ್ಲಿ ಕನ್ನಡ ಬೆರೆತದ್ದು ಅವಳಿಗೆ ತಿಳಿಯಲಿಲ್ಲ. ನರ್ಸ್ ಈ ಸಲ ಮೆಲ್ಲಗೆ, ಪಕ್ಕದಲ್ಲಿ ಕೂತು ಕೇಳಿದಂತೆ ಕೇಳಿದಳು. ಆಮೇಲೆ ಗಂಡಸು ಅಳುವುದು ಕೇಳಿಸಿತು.

ನರ್ಸ್ ಫೋನಿಗೆ ಬಂದು, ಅವನಿಗೆ ನೋವಿದೆ, ಬಹಳ ಇದೆ, ಡಾಕ್ಟರನ್ನು ಕರೆಯುತ್ತೇನೆ ಎಂದಳು. ಆ ವಾಕ್ಯ ಅರ್ಥ ಮಾಡಿಕೊಳ್ಳಲು ನನಗೆ ವ್ಯಾಕರಣ ಬೇಕಾಗಲಿಲ್ಲ.

ಅವತ್ತೇ ಒಳಗೆ ಒಯ್ದರು. ಗಾಯದ ವಿಷ ಮೇಲೇರಿತ್ತು. ಮೊಣಕಾಲಿನ ಕೆಳಗಿನ ಕಾಲು ತೆಗೆದರು. ಮೊದಲ ದಿನವೇ ಹೇಳಿದ್ದರೆ ಕಾಲು ಉಳಿಯುತ್ತಿತ್ತು, ಇನ್ನೂ ಒಂದು ದಿನ ಸುಮ್ಮನಿದ್ದರೆ ಮನುಷ್ಯನೇ ಉಳಿಯುತ್ತಿರಲಿಲ್ಲ ಎಂದು ಡಾಕ್ಟರರು ಅಶೋಕನಿಗೆ ಹೇಳಿದರಂತೆ. ನಾನು ಆ ತಿಂಗಳ ಕೊನೆಗೆ ಕ್ಲಾಸು ಬಿಟ್ಟೆ. ನಾನು ಮೆಟ್ಟಿಲು ಇಳಿಯುವಾಗ ಮೇಲೆ ಹೊಸ ಬ್ಯಾಚು ನೇಮಾ ಪ್ರೊಬ್ಲೇಮಾ ಎಂದು ಕೂಗುತ್ತಿತ್ತು. ಈ ಕೆಲಸಕ್ಕೆ ಬರುವ ಹುಡುಗಿಯರೇ, ಆ ವಾಕ್ಯವನ್ನು ಕೊನೆಯ ದಿನ ಕಲಿಸಿ. ನೋಯುತ್ತಿದೆ, ಆಗುವುದಿಲ್ಲ, ಬೇಕು ಎಂಬ ಮಾತುಗಳನ್ನು ಮೊದಲ ದಿನದಿಂದ ಬೈದಾದರೂ ಹೇಳಿಸಿ. ಅಷ್ಟು ಮಾಡಿದರೂ ಕೆಲವರು ಹೇಳುವುದಿಲ್ಲ ಎಂಬುದನ್ನೂ ತಿಳಿದುಕೊಂಡೇ ಬನ್ನಿ.

ಪ್ರಲ್ಹಾದ ಊರಿಗೆ ಬಂದ ಮೇಲೆ ನೋಡಲು ಕೊಹಿನೂರಕ್ಕೆ ಹೋದೆ. ಅಂಗಳದಲ್ಲಿ ಹಗ್ಗ ಹೆಣೆದ ಬಾಜಿನ ಮೇಲೆ ಕೂತಿದ್ದ. ನನ್ನನ್ನು ನೋಡಿ ಏಳಲು ಹೋದ, ನಾನು ಗದರಿ ಕೂರಿಸಿದೆ. ಮಹಾನಂದಾ ಚಹಾ ತಂದಿಟ್ಟಳು. ಅವನು ಅವಳ ಕಡೆ ನೋಡಲಿಲ್ಲ. ಅವಳು ಒಳಗೆ ಹೋದ ಮೇಲೆ ಸಣ್ಣ ದನಿಯಲ್ಲಿ ಹೇಳಿದ:

"ಅಕಿ ಫೋನ್ ಮಾಡಬಾರದಿತ್ರಿ ಮೇಡಂ. ನಾ ಚಲೋ ಅದ ಅನ್ನೋತನಾ ಕಾಲು ಇತ್ತು. ಬ್ಯಾನಿ ಅದ ಅಂದ ದಿನಾನೇ ಕೊಯ್ದರು."

ಅವನ ಲೆಕ್ಕದಲ್ಲಿ ಕಾಲು ಹೋದದ್ದು ಸರಳಿನಿಂದಲ್ಲ, ಸುಮ್ಮನಿದ್ದದ್ದರಿಂದಲ್ಲ, ಹೆಂಡತಿ ಕೇಳಿಸಿದ್ದರಿಂದ. ಡಾಕ್ಟರರು ಅಶೋಕನಿಗೆ ಹೇಳಿದ್ದನ್ನು ಬಿಡಿಸಿ ಬಿಡಿಸಿ ಹೇಳಿದೆ. ಅವಳು ಕೇಳಿಸದಿದ್ದರೆ ನೀನು ಇವತ್ತು ಈ ಬಾಜಿನ ಮೇಲೆ ಇರುತ್ತಿರಲಿಲ್ಲ ಎಂದೆ.

"ಹೌದ್ರಿ ಮೇಡಂ" ಎಂದ, ತಕ್ಷಣ, ಮರ್ಯಾದೆಯಿಂದ. ಒಂದಕ್ಷರವೂ ನಂಬಿಲ್ಲವೆಂದು ಆ ವೇಗದಲ್ಲೇ ತಿಳಿಯಿತು. ಇನ್ನೊಮ್ಮೆ ಹೇಳಿದೆ. ಇನ್ನೊಮ್ಮೆ ಹೌದ್ರಿ ಎಂದ. ಚಹಾ ಮುಗಿಸಿ ಎದ್ದೆ.

ಮಹಾನಂದಾ ಬಸ್ಸಿನ ತನಕ ಬಂದಳು. ಬಂದಾಗಿನಿಂದ ಅವನು ಅವಳ ಜೊತೆ ಮಾತು ಬಿಟ್ಟಿದ್ದಾನೆ ಎಂದು ಅವಳೇ ಹೇಳಿದಳು. ನನಗೆ ತಡೆಯಲಾಗಲಿಲ್ಲ. "ನೀ ಯಾಕ ಸುಮ್ಮ ಇದ್ದಿ? ನಾ ಕೇಳಸಲಿಲ್ಲಂದ್ರ ನೀವು ಸಾಯ್ತಿದ್ರಿ ಅಂತ ಮಾರಿಮ್ಯಾಲೆ ಹೇಳು" ಎಂದು ರೇಗಿದೆ.

ಅವಳು ರಸ್ತೆ ನೋಡುತ್ತಲೇ ಅಂದಳು:

"ಅದೊಂದು ಹೇಳೋ ಮಾತೇನ್ರಿ ಮೇಡಂ? ಇರ್ಲಿ ಬಿಡ್ರಿ, ಸಿಟ್ಟು ನನ್ನ ಮ್ಯಾಲೇ ಇರ್ಲಿ. ಸಿಟ್ಟು ಮಾಡಾಕ ಅವರು ಅದಾರಲ್ಲ."

ಬಸವಕಲ್ಯಾಣದ ಬಸ್ಸು ಬಂತು. ನಾನು ಹತ್ತಿ ಕೂತೆ, ಅವಳು ಮನೆಯ ಕಡೆ ಹೊರಟಳು.